ಗ್ರಂಥಾಲಯ ಕರ ಕಟ್ಟುತ್ತಲೇ ಇದ್ದೇವೆ, ಆ ಹಣ ಎಲ್ಲಿ?

ಸಾರ್ವಜನಿಕ ಗ್ರಂಥಾಲಯಗಳಿಗೆ ಹಣ ಸಾಲುತ್ತಿಲ್ಲ, ಓದುವವರೂ ಕಡಿಮೆಯಾಗಿದ್ದಾರೆ ಎಂದು ನಿಮ್ಮ ಲೇಖನದಲ್ಲಿದೆ. ಮೊದಲನೆಯದು ನಿಜ. ಎರಡನೆಯದನ್ನು ನಾನು ಒಪ್ಪುವುದಿಲ್ಲ ಸರ್. ಬೆಳಿಗ್ಗೆ ಯಾವುದಾದರೂ ನಗರ ಗ್ರಂಥಾಲಯದ ಹತ್ತಿರ ಹೋಗಿ ನೋಡಿ. ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವ ಮಕ್ಕಳು ಸೀಟು ಹಿಡಿಯಲು ಬಾಗಿಲಲ್ಲೇ ನಿಂತಿರುತ್ತಾರೆ. ಪಿಜಿ ರೂಮಿನಲ್ಲಿ ಓದಲು ಜಾಗವೆಲ್ಲಿದೆ ಅವರಿಗೆ?

ಈಗ ಹಣದ ವಿಚಾರ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಅಡಿಯಲ್ಲಿ ನಮ್ಮಿಂದ ಆಸ್ತಿ ತೆರಿಗೆಯ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಿ ಮಾಡುತ್ತಾರೆ. 5,000 ರೂಪಾಯಿ ತೆರಿಗೆಗೆ 300 ರೂಪಾಯಿ. ಸಣ್ಣ ಮೊತ್ತ ಅನ್ನಿಸಬಹುದು, ಆದರೆ ಇಡೀ ಬೆಂಗಳೂರಿನ ಲೆಕ್ಕ ಹಾಕಿ! ಇದು ಪಾಲಿಕೆಯ ಹಣವೇ ಅಲ್ಲ. ವಸೂಲಿ ಮಾಡಿ ಗ್ರಂಥಾಲಯಗಳಿಗೆ ದಾಟಿಸಬೇಕು, ಅಷ್ಟೇ. ಬೆಂಗಳೂರಿನ ಪಾಲಿಕೆಯಾಗಿದ್ದ ಬಿಬಿಎಂಪಿ ಒಂದೇ ನೂರಾರು ಕೋಟಿ ಬಾಕಿ ಉಳಿಸಿಕೊಂಡಿತ್ತು. ಜನ ಕೊಡದೆ ಖಜಾನೆ ಖಾಲಿಯಾಗಿದ್ದರೆ ಮಾತು ಬೇರೆ, ಇಲ್ಲಿ ಹಾಗಲ್ಲ ಅಲ್ವಾ?

ಹಣ ಬರದಿದ್ದರೆ ಮೊದಲು ನಿಲ್ಲುವುದು ಪುಸ್ತಕ ಖರೀದಿ. ಗ್ರಂಥಾಲಯಗಳಿಗಾಗಿ ಪ್ರಕಾಶಕರಿಂದ ಒಟ್ಟಿಗೆ ಪುಸ್ತಕ ಕೊಳ್ಳುವ ಸಗಟು ಖರೀದಿ ತಡವಾದರೆ ಸಣ್ಣ ಪ್ರಕಾಶಕರು ಮುದ್ರಣಕ್ಕೆ ಹಾಕಿದ ದುಡ್ಡಿಗೆ ವರ್ಷಗಟ್ಟಲೆ ಕಾಯಬೇಕು. ಹೊಸ ಕವಿಯ ಮೊದಲ ಸಂಕಲನವನ್ನು ಅಚ್ಚು ಹಾಕುವ ಧೈರ್ಯ ಆಮೇಲೆ ಯಾರಿಗೆ ಬರುತ್ತದೆ? ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ, ಬೇಸರವಾಯಿತು.

ಬಿಬಿಎಂಪಿ ಹೋಗಿ ಈಗ ಐದು ಪಾಲಿಕೆಗಳು ಬಂದಿವೆ. ಹಳೆಯ ಬಾಕಿಯನ್ನು ಯಾರು ಕೊಡಬೇಕು? ದಯವಿಟ್ಟು ಇದನ್ನು ಅಧಿಕಾರಿಗಳನ್ನೇ ಕೇಳಿ ಬರೆಯಿರಿ.