ಮೀರತ್ ಬಂಧಿತರ ಮೇಲೆ ಹೂಡಿದ್ದು ರೌಲಟ್ ಕಾಯ್ದೆಯಲ್ಲ

1929ರಲ್ಲಿ ಬಂಧಿತರಾದ ಮೀರತ್ ಪಿತೂರಿ ಪ್ರಕರಣದ ಕಾರ್ಮಿಕ ನಾಯಕರನ್ನು ರೌಲಟ್ ಕಾಯ್ದೆಯಡಿ ವಿಚಾರಣೆಯಿಲ್ಲದೆ ಸೆರೆಯಲ್ಲಿಡಲಾಗಿತ್ತು, ಅವರೆಲ್ಲರೂ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದರು ಎಂಬ ಬರಹವೊಂದು ಹರಿದಾಡುತ್ತಿದೆ. ಎರಡೂ ಮಾತು ಸರಿಯಲ್ಲ.

ರೌಲಟ್ ಕಾಯ್ದೆ 1922ರಲ್ಲೇ ರದ್ದಾಗಿತ್ತು. 1929ರ ಮಾರ್ಚ್ 20ರಂದು ಬಂಧಿಸಲಾದವರ ಮೇಲೆ ಹೊರಿಸಿದ್ದು, ಬ್ರಿಟಿಷ್ ಚಕ್ರವರ್ತಿಯ ಸಾರ್ವಭೌಮತ್ವವನ್ನು ಕಸಿಯಲು ಒಳಸಂಚು ನಡೆಸಿದರೆಂಬ ಭಾರತೀಯ ದಂಡ ಸಂಹಿತೆಯ 121ಎ ಕಲಮಿನ ಆರೋಪ. ವಿಚಾರಣೆ ನಡೆಯಿತು, ಆದರೆ ಅದು ಎಳೆದಾಡಿದ ಬಗೆಯೇ ಶಿಕ್ಷೆಯಂತಿತ್ತು ಎಂಬುದನ್ನು ಮರೆಯಬಾರದು. 1933ರ ಜನವರಿಯಲ್ಲಿ ತೀರ್ಪು ಬರುವ ಹೊತ್ತಿಗೆ ಬಹುತೇಕರು ಸುಮಾರು ನಾಲ್ಕು ವರ್ಷ ಜೈಲಿನಲ್ಲಿ ಕಳೆದಿದ್ದರು, ಹಿರಿಯರಾದ ಡಿ. ಆರ್. ಥೇಂಗಡಿಯವರು ತೀರ್ಪು ಕೇಳುವ ಮೊದಲೇ ತೀರಿಕೊಂಡಿದ್ದರು. ಮುಂಬಯಿ, ಕಲ್ಕತ್ತಾಗಳಲ್ಲಿ ಕೆಲಸ ಮಾಡುತ್ತಿದ್ದವರನ್ನು ಮೀರತ್ತಿಗೆ ಒಯ್ದಿದ್ದರಿಂದ, ಆ ನಗರಗಳ ಹೈಕೋರ್ಟುಗಳಲ್ಲಿ ಜ್ಯೂರಿಯ, ಅಂದರೆ ಸಾಮಾನ್ಯ ನಾಗರಿಕರ ತೀರ್ಪುಗಾರ ಮಂಡಳಿಯ ಮುಂದೆ ವಿಚಾರಣೆಯಾಗುವ ಅವಕಾಶವೂ ತಪ್ಪಿತು. ನನ್ನ ದೃಷ್ಟಿಯಲ್ಲಿ ಇದೇ ಈ ಪ್ರಕರಣದ ದೊಡ್ಡ ಅನ್ಯಾಯ, ಮತ್ತು ಹರಿದಾಡುತ್ತಿರುವ ಬರಹ ಇದನ್ನೇ ಮರೆಮಾಚುತ್ತದೆ. ಅದೇ ವರ್ಷದ ಆಗಸ್ಟಿನಲ್ಲಿ ಅಲಹಾಬಾದ್ ಹೈಕೋರ್ಟ್ ಶಿಕ್ಷೆಗಳನ್ನು ಬಹಳವಾಗಿ ಇಳಿಸಿತು.

ಆರೋಪಿಗಳಲ್ಲಿ ಕಮ್ಯುನಿಸ್ಟರು ಹೆಚ್ಚಿದ್ದರೆಂಬುದು ನಿಜ. ಆದರೆ ಪಕ್ಷದ ನಂಟಿಲ್ಲದ ಕಾರ್ಮಿಕ ಸಂಘಟಕರೂ ಅವರ ನಡುವೆ ಇದ್ದರು. 1928ರಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳನ್ನು ತಿಂಗಳುಗಟ್ಟಲೆ ಮುಚ್ಚಿಸಿದ ಮುಷ್ಕರದ ನಂತರ ಸರ್ಕಾರದ ಕಣ್ಣು ಸಂಘಗಳ ಮೇಲೆಯೇ ಇತ್ತು.

ಇಂಗ್ಲೆಂಡಿನಿಂದ ಬಂದಿದ್ದ ಆರೋಪಿ ಫಿಲಿಪ್ ಸ್ಪ್ರ್ಯಾಟ್ ಬಿಡುಗಡೆಯ ಬಳಿಕ ಭಾರತದಲ್ಲೇ ಉಳಿದು, ಕಮ್ಯುನಿಸಂನಿಂದ ದೂರ ಸರಿದು, ಬೆಂಗಳೂರಿನಲ್ಲಿ ಪತ್ರಿಕಾ ಸಂಪಾದಕರಾಗಿ ಹಲವು ವರ್ಷ ದುಡಿದರು.