ಆಟಿ ಅಮಾವಾಸ್ಯೆಯ ಚಡ್ಡಿ

ನಮ್ಮ ಕಟ್ಟಡದ ಹಿಂದಿನ ಓಣಿಯಲ್ಲಿರುವ ಮರವನ್ನು ಕಡಿಸಬೇಕೆಂದು ಬರೆದ ಅರ್ಜಿಯಲ್ಲಿ ಮೊದಲ ಸಹಿ ನನ್ನದು. ಇದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದಿನದನ್ನೆಲ್ಲ ಓದಿದ ಮೇಲೆ ಯಾರಿಗಾದರೂ ನನ್ನ ಮೇಲೆ ಕನಿಕರ ಹುಟ್ಟಿದರೆ ಅದು ಅಪಾತ್ರದಾನವಾದೀತು.

ಮನೆ ಇರುವುದು ಮುಂಬೈಯ ಮುಲುಂಡ್ ಪಶ್ಚಿಮದಲ್ಲಿ. ಓಣಿ ಮುಗಿದಲ್ಲಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೋಡೆ. ಗೋಡೆಯ ಆಚೆ ನೂರಕ್ಕೂ ಮಿಕ್ಕಿದ ಚದರ ಕಿಲೋಮೀಟರ್ ಕಾಡು, ಈಚೆ ನಾವು ಎಂಬತ್ತು ಸಂಸಾರ. ಈ ಮರ ವರ್ಷದ ಹತ್ತು ತಿಂಗಳು ಮರ್ಯಾದಸ್ಥರ ಹಾಗೆ ನಿಂತಿರುತ್ತದೆ. ಅಕ್ಟೋಬರ್ ಮುಗಿಯುತ್ತ ಬಂದಂತೆ ಹಸಿರು ಬೆರೆತ ಬಿಳಿಯ ಹೂಗೊಂಚಲು ಬಿಡುತ್ತದೆ. ಆಮೇಲೆ ಸಂಜೆ ಏಳಕ್ಕೆ ಶುರು. ಆ ವಾಸನೆಗೆ ನನ್ನ ಹೆಂಡತಿಗೆ ತಲೆನೋವು, ಸೊಸೈಟಿಯ ಸೆಕ್ರೆಟರಿಗೆ ಸೀನು, ನನಗೆ ಅವರಿಬ್ಬರ ದೂರು ಕೇಳುವ ಶಿಕ್ಷೆ. ಅರ್ಜಿಯಲ್ಲಿ ಮರದ ಹೆಸರು ಬರೆಯುವ ಜಾಗ ಬಂದಾಗ ಇಡೀ ಕಮಿಟಿ ಒಬ್ಬರ ಮುಖ ಒಬ್ಬರು ನೋಡಿಕೊಂಡಿತು. ಕೊನೆಗೆ ‘ವಾಸನೆಯ ಮರ, ಒಂದು’ ಎಂದು ಬರೆದು ಕಳಿಸಿದೆವು. ಒಪ್ಪಿಗೆ ಸಿಗಲಿಲ್ಲ.

ನನ್ನ ಊರು ಕಾರ್ಕಳದ ಹತ್ತಿರ. ನಮ್ಮ ಕಡೆಯ ತುಳುವರಿಗೆ ಆಟಿ ತಿಂಗಳ ಅಮಾವಾಸ್ಯೆ ಎಂದರೆ ಹಾಲೆ ಮರದ, ತುಳುವಿನ ಪಾಲೆಯ, ತೊಗಟೆಯ ಕಷಾಯ ಕುಡಿಯುವ ದಿನ. ಆ ದಿನ ಬೆಳಗಿನ ಜಾವಕ್ಕೆ ಲೋಕದ ಔಷಧಿಯೆಲ್ಲ ಈ ಒಂದು ಮರದ ಹಾಲಿಗೆ ಬಂದು ಸೇರುತ್ತದೆಂದು ನಂಬಿಕೆ. ಮರದ ಹತ್ತಿರ ಕಾಗೆ ಕೂಗುವ ಮೊದಲು ಹೋಗಬೇಕು. ಕಬ್ಬಿಣ ತಾಗಿಸಬಾರದು, ಕಲ್ಲಿನಿಂದಲೇ ಜಜ್ಜಿ ತೊಗಟೆ ಎಬ್ಬಿಸಬೇಕು. ಮತ್ತು, ಹೋಗುವ ಗಂಡಸು ಮೈಮೇಲೆ ಒಂದು ನೂಲೂ ಇಲ್ಲದೆ ಹೋಗಬೇಕು. ನನ್ನ ತಂದೆ ಈ ಕೊನೆಯ ಷರತ್ತನ್ನು ಪಾಲಿಸುತ್ತಿದ್ದರೇ ಎಂದು ಕೇಳುವ ಧೈರ್ಯ ನಮಗೆ ಯಾರಿಗೂ ಬರಲಿಲ್ಲ. ಹೋಗುವಾಗ ಕತ್ತಲೆ ಇರುತ್ತಿತ್ತು, ಬರುವಾಗ ಸೊಂಟಕ್ಕೆ ಬೈರಾಸು ಇರುತ್ತಿತ್ತು.

ಮುಂಬೈಗೆ ಬಂದ ಮೂವತ್ತೊಂದು ವರ್ಷವೂ ಅಮ್ಮ ಕಷಾಯವನ್ನು ಬಾಟಲಿಗೆ ತುಂಬಿ ರಾತ್ರಿ ಬಸ್ಸಿನಲ್ಲಿ ಕಳಿಸುತ್ತಿದ್ದಳು. ಒಂದು ದಿನ ತಡವಾದ ಔಷಧಿಗೆ ಒಂದು ದಿನದ ಶಕ್ತಿ ಕಡಿಮೆ ಎಂಬುದು ಅವಳ ಲೆಕ್ಕ. ನಾನು ಸಿಂಕಿಗೆ ಸುರಿದು ‘ಕುಡಿದೆ’ ಎನ್ನುತ್ತಿದ್ದೆನಾದ್ದರಿಂದ ಶಕ್ತಿಯ ಪ್ರಶ್ನೆ ಉದ್ಭವಿಸುತ್ತಿರಲಿಲ್ಲ. ಆದರೆ ಒಂದು ವರ್ಷ ಘಟ್ಟದ ತಿರುವಿನಲ್ಲಿ ಮುಚ್ಚಳ ಹಾರಿ, ಬಾಟಲಿ ತನ್ನಲ್ಲಿದ್ದದ್ದನ್ನು ಪಕ್ಕದಲ್ಲಿದ್ದ ಶಂಕರಪುರ ಮಲ್ಲಿಗೆಯ ಕಟ್ಟಿಗೆ ಅಭಿಷೇಕ ಮಾಡಿತು. ಆಟಿಯಲ್ಲಿ ಮದುವೆಗಳಿಲ್ಲ, ಯಾವುದೋ ಪೂಜೆಯ ಹೂವಿರಬೇಕು. ಆಮೇಲೆ ಬಸ್ಸಿನವರು ನಮ್ಮ ಬಾಟಲಿ ಮುಟ್ಟಲಿಲ್ಲ.

ಎರಡು ವರ್ಷದ ಹಿಂದಿನ ಆಟಿ. ರಕ್ತದ ಸಕ್ಕರೆ ಮೇಲೇರಿದೆ ಎಂಬ ಸುದ್ದಿ ಹೆಂಡತಿಯ ಬಾಯಿಂದ ಊರು ತಲುಪಿತ್ತು. ವಿಡಿಯೊ ಕರೆಯಲ್ಲಿ ಅಮ್ಮ ಬೈಯುತ್ತಿದ್ದಳು. ಮಾತು ಬದಲಿಸಲು ಕಿಟಕಿಯ ಹೊರಗಿನ ಮಳೆ ತೋರಿಸಿದೆ.

“ಅದೇನದು, ಪಾಲೆಯ ಮರವಲ್ಲವೇ?” ಎಂದಳು.

ಮೊಬೈಲಿನ ಅಂಗೈಯಗಲದ ಪರದೆಯಲ್ಲಿ, ಮಳೆಯ ನಡುವೆ, ಕಣ್ಣಿನ ಪೊರೆ ತೆಗೆಸಿಕೊಂಡ ಎಪ್ಪತ್ತೆಂಟು ವರ್ಷದ ಹೆಂಗಸಿಗೆ ಗೊತ್ತಾಯಿತು. ಹದಿನಾರು ವರ್ಷದಿಂದ ಅದರ ಕೆಳಗೇ ಸ್ಕೂಟರ್ ನಿಲ್ಲಿಸುತ್ತಿದ್ದವನಿಗೆ ಗೊತ್ತಿರಲಿಲ್ಲ. ಒಂದೇ ಗಣ್ಣಿನಿಂದ ಕೊಡೆಯ ಹಾಗೆ ಬಿಚ್ಚಿಕೊಳ್ಳುವ ಎಲೆಗಳನ್ನು ಎಣಿಸು ಎಂದಳು. ಕೆಳಗಿಳಿದು ಎಣಿಸಿದೆ, ಒಂದು ಸುತ್ತಿನಲ್ಲಿ ಏಳು, ಇನ್ನೊಂದರಲ್ಲಿ ಆರು. ಉಗುರಿನಿಂದ ಗೀರಿ ಹಾಲು ಬರುತ್ತದೆಯೇ ನೋಡು ಎಂದಳು. ಬಂತು, ಬೆಳ್ಳಗೆ, ಅಂಟಂಟಾಗಿ. ಈ ಪರೀಕ್ಷೆ ಸುಮ್ಮನೆ ಅಲ್ಲ. ನಮ್ಮ ಕಡೆಯ ಕಾಡಿನಲ್ಲಿ ಕಾಸರಕದ ಮರವೂ ಇದೆ, ಅದರಲ್ಲಿ ಇರುವುದು ಸ್ಟ್ರಿಕ್ನಿನ್ ಎಂಬ ವಿಷ. ಕತ್ತಲೆಯಲ್ಲಿ ಹಾಲೆಯೆಂದು ಕಾಸರಕವನ್ನು ಕೆತ್ತಿ ತಂದವನಿಗೆ ಕಷಾಯದ ಕಹಿಯ ಮೇಲೆ ಮೆಂತೆ ಗಂಜಿ ಕುಡಿಯುವ ಯೋಗ ಇರುವುದಿಲ್ಲ. ಅದಕ್ಕೇ ಊರಿನಲ್ಲಿ ಹಿಂದಿನ ದಿನವೇ ಹಗಲು ಹೋಗಿ ಮರಕ್ಕೆ ಬಳ್ಳಿ ಸುತ್ತಿ ಗುರುತು ಮಾಡಿ ಬರುತ್ತಿದ್ದರು. ನಾನು ಗುರುತಿಗೆ ಹೆಂಡತಿಯ ಹಳೆಯ ದುಪಟ್ಟಾ ಕಟ್ಟಿದೆ.

ಇಲ್ಲಿ ಒಂದು ಪಂಚಾಂಗದ ತೊಡಕಿದೆ. ನಮ್ಮ ಆಟಿ ಅಮಾವಾಸ್ಯೆ ಮಹಾರಾಷ್ಟ್ರದವರ ಗಟಾರಿ ಅಮಾವಾಸ್ಯೆ. ಮರುದಿನದಿಂದ ಶ್ರಾವಣ, ಮಾಂಸ ಮದ್ಯ ಬಿಡಬೇಕು. ಆದ್ದರಿಂದ ಬಿಡುವ ಮೊದಲು ತಿಂಗಳಿಗಾಗುವಷ್ಟನ್ನು ಮುಗಿಸಿಬಿಡುತ್ತಾರೆ. ಇಡೀ ಊರು ತೂರಾಡುವ ಹೊತ್ತಿನಲ್ಲಿ ಕಹಿ ಕುಡಿಯಲು ಹೊರಟವನು ಮುಲುಂಡಿಗೆಲ್ಲ ನಾನೊಬ್ಬನೇ ಇದ್ದಿರಲಾರೆ. ಇಲ್ಲಿ ನಮ್ಮವರು ಬೇಕಾದಷ್ಟಿದ್ದಾರೆ. ಆದರೆ ಅವರು ಬುದ್ಧಿವಂತರು, ಸಂಘದಲ್ಲಿ ಬೆಳಿಗ್ಗೆ ಎಂಟಕ್ಕೆ ಕಾಗದದ ಲೋಟದಲ್ಲಿ ಹಂಚುವುದನ್ನು ಕುಡಿಯುತ್ತಾರೆ.

ಅಲಾರಾಂ ನಾಲ್ಕೂವರೆಗೆ. ಬಟ್ಟೆಯ ವಿಷಯದಲ್ಲಿ ಗಂಡಹೆಂಡಿರ ನಡುವೆ ಚರ್ಚೆಯಾಯಿತು. ಸಂಪ್ರದಾಯಕ್ಕೂ ಹೌಸಿಂಗ್ ಸೊಸೈಟಿಗೂ ನಡುವಿನ ಒಪ್ಪಂದವಾಗಿ ಒಂದು ನೀಲಿ ಚಡ್ಡಿ ಉಳಿಯಿತು. ಅಂಗಿ, ಬನಿಯನ್, ಚಪ್ಪಲಿ ಎಲ್ಲ ಬಿಟ್ಟೆ. ಕೈಯಲ್ಲಿ ತೆಂಗಿನಕಾಯಿ ಗಾತ್ರದ ಕರಿಕಲ್ಲು. ಲಿಫ್ಟಿನ ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡೆ, ಶಿಲಾಯುಗದಲ್ಲೂ ಈ ಹೊಟ್ಟೆಗೆ ಮರ್ಯಾದೆ ಸಿಗುತ್ತಿರಲಿಲ್ಲ.

ಓಣಿಯಲ್ಲಿ ಸಣ್ಣ ಮಳೆ. ಮರದ ಬುಡಕ್ಕೆ ಹೋಗಿ, ಕೈ ಮುಗಿದು, ಮೊದಲ ಏಟು ಹಾಕಿದೆ. ಆ ಕ್ಷಣಕ್ಕೆ ಸರಿಯಾಗಿ ಮಿಂಚಿತು. ಮೈ ಜುಮ್ಮೆಂದಿತು. ಎರಡನೆಯ ಏಟಿಗೆ ಇನ್ನೊಂದು ಮಿಂಚು, ಈ ಸಲ ಬೆನ್ನ ಹಿಂದಿನಿಂದ. ಗುಡುಗು ಮಾತ್ರ ಬರಲಿಲ್ಲ. ತಂದೆಯವರೇ ಮೇಲಿನಿಂದ ನೋಡುತ್ತಿದ್ದಾರೆಂದು ನಾನು ನಿಜಕ್ಕೂ ಅಂದುಕೊಂಡೆ. ತೊಗಟೆ ಸಿನಿಮಾದಲ್ಲಿ ಏಳುವ ಹಾಗೆ ಏಳುವುದಿಲ್ಲ. ಹೊರಗಿನ ಬೂದು ಸಿಪ್ಪೆ ಪುಡಿಯಾಗಿ ಉದುರಿ, ಒಳಗಿನ ಹಸಿ ಪದರ ಕಲ್ಲಿಗೆ ಜಾರುತ್ತದೆ. ಹಾಲು ಬೆರಳಿಗೆ ಅಂಟಿ, ಮಳೆಗೆ ತೊಳೆದುಹೋಗುತ್ತದೆ. ಕಾಲು ಗಂಟೆ ಜಜ್ಜಿದರೂ ಸಿಕ್ಕಿದ್ದು ಒಂದು ಬೊಗಸೆ.

ಆಗ ಟಾರ್ಚ್ ಬೆಳಕು ಬಿತ್ತು. ಕಾವಲುಗಾರ. ಚಡ್ಡಿಯಲ್ಲಿ ನೆನೆಯುತ್ತ, ದುಪಟ್ಟಾ ಕಟ್ಟಿದ ಮರಕ್ಕೆ ಕಲ್ಲಿನಿಂದ ಹೊಡೆಯುತ್ತಿದ್ದ ಮೂರನೇ ಮಹಡಿಯ ಸಾಹೇಬರನ್ನು ಅವನು ತುಂಬ ಹೊತ್ತು ನೋಡಿದ. ನಾನು ಕಾರಣ ಹೇಳಲು ಬಾಯಿ ತೆರೆದೆ.

“ಇರಲಿ ಬಿಡಿ ಸಾಹೇಬರೇ, ವರ್ಷಕ್ಕೊಂದು ಗಟಾರಿ” ಎಂದು ನನ್ನ ತೋಳು ಹಿಡಿದು, ಬಹಳ ಮೃದುವಾಗಿ, ಲಿಫ್ಟಿನವರೆಗೆ ನಡೆಸಿಕೊಂಡು ಬಂದ. ಮದ್ಯ ಮುಟ್ಟಿ ಹತ್ತು ವರ್ಷವಾಗಿದ್ದ ನಾನು, ಕಲ್ಲನ್ನೂ ತೊಗಟೆಯನ್ನೂ ಎದೆಗವಚಿಕೊಂಡು, ತೂರಾಡದೆ ನಡೆದು ತೋರಿಸುವ ಪ್ರಯತ್ನದಲ್ಲಿ ಜಾರಿ ಬಿದ್ದೆ.

ಕಷಾಯದ ಕಥೆಯನ್ನು ಬೇಗ ಮುಗಿಸುತ್ತೇನೆ. ಕಬ್ಬಿಣ ತಾಗಿಸದೆ ತಂದದ್ದನ್ನು ಹೆಂಡತಿ ಓಮ, ಕಾಳುಮೆಣಸು, ಬೆಳ್ಳುಳ್ಳಿಯ ಜೊತೆ ಸ್ಟೀಲ್ ಬ್ಲೇಡಿನ ಮಿಕ್ಸಿಗೆ ಹಾಕಿದ ಮೇಲೆಯೇ ನಮ್ಮಿಬ್ಬರಿಗೂ ನೆನಪಾದದ್ದು. ಬಿಳಿ ಬೆಣಚುಕಲ್ಲನ್ನು ಕೆಂಪಗೆ ಕಾಯಿಸಿ ಕಷಾಯಕ್ಕೆ ಹಾಕುವುದು ಕ್ರಮ. ಮುಂಬೈಯ ನೆಲವೆಲ್ಲ ಕರಿಯ ಬಸಾಲ್ಟ್, ಬೆಣಚು ಎಲ್ಲಿಂದ ತರುವುದು? ಬಾಲ್ಕನಿಯ ಮನಿಪ್ಲಾಂಟಿನ ಕುಂಡದಲ್ಲಿ ಅಲಂಕಾರಕ್ಕೆಂದು ತಂದಿಟ್ಟ ಬಿಳಿ ಕಲ್ಲಿತ್ತು. ಗ್ಯಾಸಿನ ಮೇಲಿಟ್ಟೆ. ಅದು ಕೆಂಪಾಗಲಿಲ್ಲ, ಮೊದಲು ಬೆವರಿತು, ಆಮೇಲೆ ಬಾಗಿತು, ಕೊನೆಗೆ ಬರ್ನರಿನ ಮೇಲೆ ಮಲಗಿತು. ಪ್ಲಾಸ್ಟಿಕ್. ಒಗ್ಗರಣೆಯಿಲ್ಲದೆಯೇ ಕುಡಿದೆ. ಅಮ್ಮ ಹೇಳಿದ್ದ ಅಳತೆ ಎರಡು ಚಮಚ, ಮೂವತ್ತೊಂದು ವರ್ಷದ ಬಾಕಿಯೂ ಇದೆಯಲ್ಲ ಎಂದು ಅರ್ಧ ಲೋಟ ಎತ್ತಿದೆ. ಆ ಕಹಿ ನಾಲಿಗೆಯಲ್ಲಿ ನಿಲ್ಲುವುದಿಲ್ಲ, ಕಿವಿಯ ಹಿಂದೆ ಹೋಗಿ ಕೂರುತ್ತದೆ. ಮಧ್ಯಾಹ್ನದವರೆಗೆ ನಾನು ಬಚ್ಚಲಿನಿಂದಲೇ ಮೆಂತೆ ಗಂಜಿಯ ಪರಿಮಳ ಆಸ್ವಾದಿಸಿದೆ.

ಹನ್ನೆರಡು ದಿನದ ಮೇಲೆ ಸೆಕ್ರೆಟರಿಯ ಮನೆಗೆ ಕರೆ ಬಂತು. ಅಲ್ಲಿ ಒಬ್ಬ ಹುಡುಗಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಚಿರತೆಗಳ ಮೇಲೆ ಸಂಶೋಧನೆ ಮಾಡುವವಳು. ಈ ಕಾಡಿನಲ್ಲಿ 2015ರ ಎಣಿಕೆಯಲ್ಲಿ 35 ಚಿರತೆ, 2018ರಲ್ಲಿ 47. ಪ್ರತಿ ಚಿರತೆಯ ಮೈಮೇಲಿನ ಚುಕ್ಕೆಗಳ ವಿನ್ಯಾಸ ಬೇರೆ ಬೇರೆ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಎಡ ಪಕ್ಕದ್ದೇ ಬೇರೆ, ಬಲ ಪಕ್ಕದ್ದೇ ಬೇರೆ. ಆದ್ದರಿಂದ ದಾರಿಯ ಎರಡೂ ಬದಿಯಲ್ಲಿ ಎದುರುಬದುರಾಗಿ ಕ್ಯಾಮೆರಾ ಕಟ್ಟುತ್ತಾರೆ. ಬಿಸಿಮೈಯ ಪ್ರಾಣಿ ಎದುರು ಹಾಯ್ದರೆ ತಾನಾಗಿಯೇ ಫೋಟೊ ತೆಗೆಯುತ್ತದೆ, ಚುಕ್ಕೆ ಸ್ಪಷ್ಟವಾಗಿ ಬೀಳಲೆಂದು ಬಿಳಿ ಫ್ಲ್ಯಾಶ್ ಇರುತ್ತದೆ. ಮಳೆಗಾಲದಲ್ಲಿ ಸಾಮಾನ್ಯವಾಗಿ ಇಡುವುದಿಲ್ಲವಂತೆ, ನೀರು ಒಳಗೆ ಹೋಗುತ್ತದೆಯೇ ಎಂದು ನೋಡಲು ಸೆಕ್ರೆಟರಿಯ ಅನುಮತಿಯಿಂದ ಎರಡನ್ನು ನಮ್ಮ ಓಣಿಯಲ್ಲಿ ಕಟ್ಟಿದ್ದಳು.

ನೀರು ಒಳಗೆ ಹೋಗಿರಲಿಲ್ಲ. ನಾನು ಎರಡೂ ಪಕ್ಕದಿಂದ, ನನ್ನ ಪ್ರತಿ ಚುಕ್ಕೆಯೂ ಗುರುತು ಹಿಡಿಯುವಷ್ಟು ಸ್ಪಷ್ಟವಾಗಿ, ನಲವತ್ಮೂರು ಚಿತ್ರಗಳಲ್ಲಿ ಮೂಡಿದ್ದೆ.

ಸೆಕ್ರೆಟರಿ ಗಂಟಲು ಸರಿಪಡಿಸಿಕೊಂಡು, 1975ರ ಮಹಾರಾಷ್ಟ್ರದ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಮರಕ್ಕೆ ಯಾವ ರೀತಿಯ ಹಾನಿ ಮಾಡಿದರೂ ಅದು ಕಡಿದದ್ದಕ್ಕೇ ಸಮ ಎಂದು ಪಾಠ ಹೇಳಿದರು. ಅರ್ಜಿಯಲ್ಲಿ ಎರಡನೆಯ ಸಹಿ ಇವರದೇ. ನಾನು ವಾಸನೆಯ ಮಾತೆತ್ತಿ ಇಬ್ಬರ ಅಪರಾಧವನ್ನೂ ಸಮ ಮಾಡಲು ನೋಡಿದೆ. ಹುಡುಗಿ ನಕ್ಕಳು. ಅವಳು ಹಿಂದೆ ಆಗುಂಬೆಯಲ್ಲಿ ಎರಡು ಮಳೆಗಾಲ ಗಿಡಮರ ಎಣಿಸಿದವಳು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆ ಕಾಡಿನಿಂದ ಅವಳು ತಂದ ಕನ್ನಡ ಶಬ್ದಗಳು ಮೂರೇ: ‘ಇಂಬಳ’ (ಜಿಗಣೆ), ‘ಉಪ್ಪು’, ‘ಬೇಗ’. ಆ ಮೂರನ್ನು ಸೇರಿಸಿದರೆ ಅವಳ ಅಲ್ಲಿನ ದಿನಚರಿ ಪೂರ್ತಿ ಆಗುತ್ತದೆ.

ವಾಸನೆಯ ಮೇಲೆ ಮರ ಕಡಿಯುವುದಾದರೆ ನರಕ್ಯಾ ಗತಿ ಏನು ಎಂದು ಕೇಳಿದಳು. ಸಹ್ಯಾದ್ರಿಯ ಗಿಡ, ಹೆಸರೇ ಹೇಳುವಂತೆ ನರಕದ ನಾತ. ಅದರಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವಿದೆ, ಕ್ಯಾನ್ಸರಿನ ಔಷಧಿಗಳಿಗೆ ಮೂಲ. 1966ರಲ್ಲಿ ಅಮೆರಿಕದಲ್ಲಿ ಒಂದು ಚೀನೀ ಮರದಿಂದ ಅದನ್ನು ಮೊದಲು ಬೇರ್ಪಡಿಸಿದ ಇಬ್ಬರಲ್ಲಿ ಒಬ್ಬರು ಮನ್ಸುಖ್ ವಾಣಿ, ನಂದುರ್‌ಬಾರಿನಲ್ಲಿ ಹುಟ್ಟಿ ಮುಂಬೈ ವಿಶ್ವವಿದ್ಯಾಲಯದಲ್ಲಿ ಓದಿದವರು. ಇದನ್ನು ಕೇಳಿ ಸೆಕ್ರೆಟರಿ, ವಾಣಿಯವರು ತಮ್ಮ ಸೋದರಮಾವನೋ ಎಂಬಂತೆ ನೆಟ್ಟಗೆ ಕೂತರು. ಔಷಧಿ ಎಂದು ಗೊತ್ತಾದದ್ದೇ ತಡ, ಘಟ್ಟದಿಂದ ನರಕ್ಯಾವನ್ನು ಲಾರಿಗಟ್ಟಲೆ ಕಡಿದು ಸಾಗಿಸಿದರು ಎಂದಾಗ ಮತ್ತೆ ಕುಗ್ಗಿದರು.

“ನಿಮ್ಮ ಊರಿನ ಕಲ್ಲಿನ ನಿಯಮ ನನಗೆ ಇಷ್ಟ” ಎಂದಳು. “ಕೊಡಲಿ ಕೊಟ್ಟರೆ ಸುತ್ತಲೂ ತೊಗಟೆ ಬಿಡಿಸಿಬಿಡುತ್ತಾರೆ. ಎಲೆ ಮಾಡಿದ ಆಹಾರ ಬೇರಿಗೆ ಇಳಿಯುವುದೇ ಆ ಪದರದಲ್ಲಿ, ಸುತ್ತು ಪೂರ್ತಿಯಾದರೆ ಮರ ಸಾಯುತ್ತದೆ. ಕಲ್ಲಿನಿಂದ ಎಷ್ಟು ಜಜ್ಜಿದರೂ ಮನುಷ್ಯನಿಗೆ ಒಂದು ಬೊಗಸೆಗೆ ಕೈ ಸೋಲುತ್ತದೆ. ನಿಮ್ಮ ಚಿತ್ರಗಳಲ್ಲೇ ಕಾಣುತ್ತದೆ, ಇಪ್ಪತ್ತನೆಯದರಿಂದ ನೀವು ಸೊಂಟ ಹಿಡಿದುಕೊಂಡಿದ್ದೀರಿ.”

ಸಕ್ಕರೆ ಇಳಿದೀತೇ ಎಂದು ಕೇಳಿದೆ. ಬ್ರಿಟಿಷರೂ ಈ ತೊಗಟೆಯನ್ನು ತಮ್ಮ ಔಷಧಿಪಟ್ಟಿಗೆ ಸೇರಿಸಿ ಮಲೇರಿಯಾಕ್ಕೆ ಕೊಟ್ಟು ನೋಡಿದ್ದರು, ಕ್ವಿನೈನ್ ಎದುರು ಅದು ನಿಲ್ಲಲಿಲ್ಲ ಎಂದಳು. ಸಕ್ಕರೆಗೆ ಡಾಕ್ಟರರ ಮಾತ್ರೆಯನ್ನೇ ನುಂಗಿ ಎಂದಳು. ವೈಜ್ಞಾನಿಕ ಹೆಸರಿನಲ್ಲಿರುವ ‘ಸ್ಕೊಲಾರಿಸ್’ ಬಂದದ್ದು ಈ ಮರದ ಹಲಗೆಯಿಂದ ಮಕ್ಕಳ ಬರೆಯುವ ಹಲಗೆ ಮಾಡುತ್ತಿದ್ದುದರಿಂದ ಎಂದೂ ಸೇರಿಸಿದಳು. ನನ್ನ ವಿದ್ಯೆಯ ಮಟ್ಟ ನೋಡಿ ಹೇಳಿದ್ದೋ ಏನೋ.

ಮನುಷ್ಯರ ಚಿತ್ರಗಳನ್ನು ಅಳಿಸುವುದು ಅವಳ ನಿಯಮ. ನನ್ನೆದುರೇ ಅಳಿಸಿದಳು. ಅಳಿಸುತ್ತ ಹಿಂದಕ್ಕೆ ಹೋದಂತೆ ಒಂದು ಚಿತ್ರದ ಹತ್ತಿರ ಬೆರಳು ನಿಂತಿತು. ಅದೇ ಮರ, ಅದೇ ದುಪಟ್ಟಾ, ಅದೇ ಮಳೆ. ಮೂಲೆಯಲ್ಲಿ ಸಮಯ 4:12. ಮರದ ಬುಡ ಮೂಸುತ್ತ, ಬಾಲ ಸ್ವಲ್ಪ ಮೇಲೆತ್ತಿ, ತುಂಬಿದ ಮೈಯ ಗಂಡು ಚಿರತೆ. ನನ್ನ ಮೊದಲ ಚಿತ್ರದ ಸಮಯ 4:51.

ಮೂವತ್ತೊಂಬತ್ತು ನಿಮಿಷ. ಆ ಸಂಜೆ ನಾನು ಲಿಫ್ಟಿನಿಂದ ಮನೆಯ ಬಾಗಿಲವರೆಗಿನ ಎಂಟು ಹೆಜ್ಜೆಯನ್ನೂ ಹಿಂತಿರುಗಿ ನೋಡುತ್ತ ನಡೆದೆ.

ರಾತ್ರಿ ಅಮ್ಮನಿಗೆ ಎಲ್ಲ ಹೇಳಿದೆ. ರಕ್ತಪರೀಕ್ಷೆಯಲ್ಲಿ ಸಕ್ಕರೆ ಒಂದು ಅಂಕಿಯೂ ಇಳಿಯಲಿಲ್ಲ ಎಂಬುದರಿಂದ ಶುರುಮಾಡಿ, ಮಿಕ್ಸಿ, ಪ್ಲಾಸ್ಟಿಕ್ ಕಲ್ಲು, ಕ್ಯಾಮೆರಾ, ಕೊನೆಗೆ ಚಿರತೆ. ಅಯ್ಯೋ ಮಗನೇ ಎಂದು ಅಳುತ್ತಾಳೆಂದು ಕಾದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ನೀನು ಚಡ್ಡಿ ಹಾಕಿಕೊಂಡು ಹೋಗಿದ್ದೆಯಾ?”

“ಹೌದಮ್ಮ.”

“ಮತ್ತೆ ಔಷಧಿ ಎಲ್ಲಿಂದ ಹಿಡಿಯಬೇಕು? ಆ ಚಿರತೆಯಾದರೂ ಕ್ರಮ ಬಿಡದೆ ಬಂದಿತ್ತು ನೋಡು.”