ಎಸ್ಪೆರಾಂಟೊದ ಬುನಾದಿಯನ್ನು ಮುಟ್ಟಬಾರದೇ?

ವಾರ್ಸಾ ನಗರದ ಕಣ್ಣಿನ ವೈದ್ಯ ಲುದ್ವಿಕ್ ಜಾಮೆನ್‌ಹೋಫ್ 1887ರಲ್ಲಿ ಹದಿನಾರು ವ್ಯಾಕರಣ ನಿಯಮಗಳನ್ನೂ ಸುಮಾರು 900 ಧಾತುಗಳನ್ನೂ ಒಂದು ಕಿರುಪುಸ್ತಕದಲ್ಲಿ ಪ್ರಕಟಿಸಿದರು. ಎಸ್ಪೆರಾಂಟೊ ಎಂಬ ಕಟ್ಟಿದ ಭಾಷೆ ಹುಟ್ಟಿದ್ದು ಹಾಗೆ. ಆ ನಿಯಮಗಳು, ಅಭ್ಯಾಸಪಾಠಗಳು ಮತ್ತು ಮೂಲ ಶಬ್ದಕೋಶ ಸೇರಿದ ‘ಫಂಡಮೆಂಟೊ’ ಎಂಬ ಗ್ರಂಥ 1905ರಲ್ಲಿ ಹೊರಬಂತು. ಅದೇ ವರ್ಷ ಫ್ರಾನ್ಸಿನ ಬುಲೋನ್-ಸುರ್-ಮೇರ್‌ನಲ್ಲಿ ಸೇರಿದ ಮೊದಲ ವಿಶ್ವ ಸಮಾವೇಶವು ಇದನ್ನು ಯಾರೂ, ಸ್ವತಃ ಕರ್ತೃವೂ, ತಿದ್ದಬಾರದೆಂದು ಒಪ್ಪಿಕೊಂಡಿತು. ಆ ಕಟ್ಟು ಇಂದಿಗೂ ಉಳಿಯಬೇಕೇ ಎಂಬುದು ಪ್ರಶ್ನೆ.

ಪರ: ತಿದ್ದಲು ಹೊರಟವರು ಏನನ್ನು ಉಳಿಸಿಕೊಂಡರು?

ಫಂಡಮೆಂಟೊ ದೋಷರಹಿತವೆಂದು ಅದನ್ನು ಬೆಂಬಲಿಸುವ ಯಾರೂ ವಾದಿಸಬೇಕಾಗಿಲ್ಲ. ದೋಷಗಳೂ ಸೇರಿದಂತೆ ಅದು ಹಾಗೆಯೇ ಇರಬೇಕೆಂದು ಜಾಮೆನ್‌ಹೋಫ್ ಅದರ ಮುನ್ನುಡಿಯಲ್ಲೇ ಬರೆದಿದ್ದಾರೆ. ಮೇಲ್ನೋಟಕ್ಕೆ ಹಟದಂತೆ ಕಾಣುವ ಈ ನಿಲುವಿನ ಹಿಂದೆ ಕಣ್ಣೆದುರೇ ನಡೆದ ಒಂದು ಅನಾಹುತದ ಅರಿವಿತ್ತು.

ಜರ್ಮನಿಯ ಪಾದ್ರಿ ಯೋಹಾನ್ ಮಾರ್ಟಿನ್ ಶ್ಲೇಯರ್ ರಚಿಸಿದ ವೋಲಾಪ್ಯೂಕ್ ಭಾಷೆ 1880ರ ದಶಕದಲ್ಲಿ ಯುರೋಪಿನಾದ್ಯಂತ ಹಬ್ಬಿತ್ತು. 1889ರ ಪ್ಯಾರಿಸ್ ಸಮಾವೇಶದ ಕಲಾಪಗಳು ಆ ಭಾಷೆಯಲ್ಲೇ ನಡೆದವು. ಆದರೆ ಅದರ ಅಕಾಡೆಮಿಯ ಮುಖ್ಯಸ್ಥ ಆಗುಸ್ಟ್ ಕೆರ್ಕ್‌ಹೋಫ್ಸ್ ವ್ಯಾಕರಣವನ್ನು ಸರಳಗೊಳಿಸಲು ಹೊರಟಾಗ, ಕೊನೆಯ ಮಾತು ತನ್ನದೇ ಆಗಿರಬೇಕೆಂದು ಶ್ಲೇಯರ್ ಪಟ್ಟು ಹಿಡಿದರು. ಆ ಜಗಳದಲ್ಲಿ ಭಾಷೆಯೇ ಕರಗಿತು. ಅಕಾಡೆಮಿಯಲ್ಲಿ ಉಳಿದವರು ತಿದ್ದುತ್ತ ತಿದ್ದುತ್ತ 1902ರಲ್ಲಿ ‘ಇಡಿಯಮ್ ನ್ಯೂಟ್ರಲ್’ ಎಂಬ ಬೇರೊಂದು ಭಾಷೆಗೇ ಬಂದು ಮುಟ್ಟಿದರು. ಅದನ್ನು ಆಡುವವರು ಇಂದು ಯಾರಿದ್ದಾರೆ?

ಎಸ್ಪೆರಾಂಟೊದಲ್ಲಿಯೂ ಅದೇ ಪ್ರಯತ್ನ ನಡೆಯಿತು. 1907ರಲ್ಲಿ ಪ್ಯಾರಿಸಿನಲ್ಲಿ ಸೇರಿದ ವಿದ್ವಾಂಸರ ಸಮಿತಿಯೊಂದು, ಲೂಯಿ ಕೂತ್ಯುರಾ ಅವರ ನೇತೃತ್ವದಲ್ಲಿ, ತಿದ್ದುಪಡಿಗಳ ಪಟ್ಟಿಯನ್ನು ಮುಂದಿಟ್ಟಿತು. ಅದರಿಂದ ಹುಟ್ಟಿದ್ದು ‘ಇಡೊ’. ‘ಚೆಲುವಾದ ಹೂಗಳನ್ನು ನೋಡುತ್ತೇನೆ’ ಎನ್ನಲು ಎಸ್ಪೆರಾಂಟೊ ಭಾಷಿಕರು ‘ಮಿ ವಿದಾಸ್ ಬೇಲಾಯ್ನ್ ಫ್ಲೋರೊಯ್ನ್’ ಎನ್ನುತ್ತಾರೆ. ಬಹುವಚನದ ಗುರುತೂ ದ್ವಿತೀಯಾ ವಿಭಕ್ತಿಯೂ ನಾಮಪದಕ್ಕೆ ಹತ್ತಿದಂತೆ ಗುಣವಾಚಕಕ್ಕೂ ಹತ್ತುತ್ತವೆ. ಇಡೊದಲ್ಲಿ ಅದು ‘ಮೆ ವಿದಾಸ್ ಬೇಲಾ ಫ್ಲೋರಿ’ ಎಂದಷ್ಟೇ ಆಗುತ್ತದೆ. ಹಗುರವಾಗಿದೆ, ಒಪ್ಪೋಣ. ‘ಚೆಲುವಾದ’ ಎಂಬ ಪದಕ್ಕೆ ವಿಭಕ್ತಿ ಹಚ್ಚುವ ಅಭ್ಯಾಸವೇ ಇಲ್ಲದ ಕನ್ನಡಿಗನಿಗಂತೂ ಇಡೊ ಹೆಚ್ಚು ಸಹಜವೆನಿಸೀತು. ಆದರೆ ಸಮಿತಿಯಲ್ಲಿದ್ದ ಭಾಷಾವಿಜ್ಞಾನಿ ಓಟೊ ಯೆಸ್ಪರ್ಸನ್ ಅವರಿಗೇ ಮುಂದೆ ಇಡೊ ಸಾಲದೆನಿಸಿ, 1928ರಲ್ಲಿ ‘ನೋವಿಯಲ್’ ಎಂಬ ಮತ್ತೊಂದು ಭಾಷೆಯನ್ನು ಪ್ರಕಟಿಸಿದರು. ಸುಧಾರಣೆಗೆ ತಾನಾಗಿ ನಿಲ್ಲುವ ಜಾಗವೆಂಬುದಿಲ್ಲ. ಒಬ್ಬ ಸುಧಾರಕನಿಗೆ ಮೆಚ್ಚುಗೆಯಾದದ್ದು ಮುಂದಿನವನಿಗೆ ಅರೆಬರೆಯಾಗಿ ಕಾಣುತ್ತದೆ.

ಕನ್ನಡದಲ್ಲಿ ಯಾರಾದರೂ ವಿಭಕ್ತಿಯೊಂದನ್ನು ರದ್ದುಮಾಡಿದೆನೆಂದು ಘೋಷಿಸಿದರೆ ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಏಕೆಂದರೆ ಕೋಟ್ಯಂತರ ಮಂದಿ ಅದನ್ನು ಮನೆಯಲ್ಲೇ ಕಲಿತು ಆಡುತ್ತಿದ್ದಾರೆ. ಎಸ್ಪೆರಾಂಟೊ ಆಡುವವರಲ್ಲಿ ಬಹುಪಾಲು ಮಂದಿ ಅದನ್ನು ಪುಸ್ತಕದಿಂದ ಕಲಿತವರು ಮತ್ತು ದೇಶದೇಶಗಳಲ್ಲಿ ಚದುರಿದವರು. ಅವರನ್ನು ಒಂದೆಡೆ ಹಿಡಿದಿಡುವುದು ಇಪ್ಪತ್ತು ವರ್ಷಗಳ ಹಿಂದೆ ತಾವು ಕಲಿತದ್ದು ಇಂದಿಗೂ ತಪ್ಪಾಗದೆಂಬ ನಂಬಿಕೆಯೊಂದೇ.

ಹಾಗೆಂದು ಭಾಷೆ ಹೆಪ್ಪುಗಟ್ಟಿಯೂ ಇಲ್ಲ. ಹಳೆಯದನ್ನು ತಪ್ಪೆನ್ನದೆ ಹೊಸದನ್ನು ಪಕ್ಕದಲ್ಲಿ ಬಳಸಲು ಮುನ್ನುಡಿಯೇ ಅವಕಾಶ ಕೊಟ್ಟಿದೆ. ಆಸ್ಪತ್ರೆಗೆ ‘ಮಾಲ್ಸಾನುಲೇಯೊ’ ಎಂಬ ಪದವಿದೆ: ‘ಸಾನ್’ ಎಂದರೆ ಆರೋಗ್ಯ, ‘ಮಾಲ್’ ಅದನ್ನು ವಿರುದ್ಧಾರ್ಥಕ್ಕೆ ತಿರುಗಿಸುತ್ತದೆ, ‘ಉಲ್’ ವ್ಯಕ್ತಿಯನ್ನೂ ‘ಏಯ್’ ಸ್ಥಳವನ್ನೂ ಸೂಚಿಸುತ್ತವೆ, ಕೊನೆಯ ‘ಒ’ ನಾಮಪದದ ಗುರುತು. ಇದರ ಪಕ್ಕದಲ್ಲೇ ‘ಹೋಸ್ಪಿಟಾಲೊ’ ಎಂಬ ಪದವೂ ಬಂದು ನೆಲೆಸಿದೆ. ಯಾವುದನ್ನು ಬಳಸಿದರೂ ಕೇಳುವವರಿಗೆ ಅರ್ಥವಾಗುತ್ತದೆ, ಇದಕ್ಕಾಗಿ ಮತ ಹಾಕಬೇಕಾದ ಅಗತ್ಯ ಬೀಳಲಿಲ್ಲ.

ವಿರೋಧ: ಯಾರೂ ಪೂರೈಸಲಾಗದ ಷರತ್ತು

ಅದೇ ಮುನ್ನುಡಿಯ ಇನ್ನೊಂದು ಮಾತನ್ನು ಕಟ್ಟಿನ ಬೆಂಬಲಿಗರು ಸಾಮಾನ್ಯವಾಗಿ ಬದಿಗಿಡುತ್ತಾರೆ. ಪ್ರಮುಖ ರಾಷ್ಟ್ರಗಳ ಸರಕಾರಗಳು ಭಾಷೆಯನ್ನು ಅಧಿಕೃತವಾಗಿ ಒಪ್ಪಿಕೊಂಡ ಬಳಿಕ, ಅಧಿಕಾರವುಳ್ಳ ಸಮಿತಿಯೊಂದು ಬೇಕಾದ ಬದಲಾವಣೆಗಳನ್ನು ಒಮ್ಮೆಗೇ ಮಾಡಬಹುದೆಂದು ಜಾಮೆನ್‌ಹೋಫ್ ಅಲ್ಲಿ ಬರೆದಿದ್ದರು. ಅಂದರೆ ಅವರ ಮನಸ್ಸಿನಲ್ಲಿದ್ದದ್ದು ತಾತ್ಕಾಲಿಕ ತಡೆ. ಸರಕಾರಗಳು ಇಂದಿಗೂ ಒಪ್ಪಿಲ್ಲ, ಒಪ್ಪುವ ಲಕ್ಷಣವೂ ಇಲ್ಲ. ಹೀಗಾಗಿ ತಾತ್ಕಾಲಿಕವಾಗಿ ಹಾಕಿದ ಬೀಗ ಕಾಯಂ ಆಗಿ ಕೂತಿದೆ. 1894ರಲ್ಲಿ ಅವರೇ ಸುಧಾರಣೆಗಳ ಪಟ್ಟಿಯೊಂದನ್ನು ಓದುಗರ ಮತಕ್ಕೆ ಹಾಕಿದ್ದರು. ಅಕ್ಷರಗಳ ತಲೆಯ ಮೇಲಿನ ಟೊಪ್ಪಿಗೆಯಂಥ ಗುರುತುಗಳನ್ನೂ ದ್ವಿತೀಯಾ ವಿಭಕ್ತಿಯನ್ನೂ ಬಿಡುವ ಪ್ರಸ್ತಾಪ ಅದರಲ್ಲಿತ್ತು. ಬಹುಮತ ಅದನ್ನು ತಿರಸ್ಕರಿಸಿತೆಂಬುದು ನಿಜ, ಆದರೆ ಆಗ ಮತ ಹಾಕಿದವರು ಕೆಲವೇ ನೂರು ಮಂದಿ. ಅವರ ತೀರ್ಮಾನ ಇಂದಿನವರನ್ನೂ ಏಕೆ ಕಟ್ಟಿಹಾಕಬೇಕು?

ಟೊಪ್ಪಿಗೆ ಅಕ್ಷರಗಳ ಗೋಳು ಕಂಪ್ಯೂಟರುಗಳು ಯೂನಿಕೋಡ್‌ಗೆ ಒಗ್ಗಿಕೊಂಡ ಮೇಲೆ ಬಹುಮಟ್ಟಿಗೆ ಮುಗಿದಿದೆ. ದ್ವಿತೀಯಾ ವಿಭಕ್ತಿಯ ಬಗ್ಗೆಯೂ ನನ್ನ ತಕರಾರಿಲ್ಲ. ಅದಿರುವುದರಿಂದಲೇ ‘ಲಾ ಪಾತ್ರೊ ಆಮಾಸ್ ಲಾ ಫೀಲೊನ್’ ಎಂಬ ವಾಕ್ಯದ ಪದಗಳನ್ನು ಹಿಂದುಮುಂದು ಮಾಡಿದರೂ ಪ್ರೀತಿಸುವವನು ತಂದೆಯೇ, ಪ್ರೀತಿಗೆ ಪಾತ್ರನು ಮಗನೇ. ಈ ಸ್ವಾತಂತ್ರ್ಯದ ಬೆಲೆ ನಮಗೆ ಚೆನ್ನಾಗಿ ಗೊತ್ತು. ನಿಜವಾದ ತೊಡಕಿರುವುದು ಲಿಂಗದ ವಿಷಯದಲ್ಲಿ.

ಮೂಲ ಶಬ್ದಕೋಶದಲ್ಲಿ ‘ಪಾತ್ರೊ’ ಎಂದರೆ ತಂದೆ. ತಾಯಿಗೆ ಸ್ವಂತ ಧಾತುವಿಲ್ಲ. ತಂದೆಯ ಪದಕ್ಕೆ ‘ಇನ್’ ಪ್ರತ್ಯಯ ಸೇರಿಸಿ ‘ಪಾತ್ರಿನೊ’ ಎನ್ನಬೇಕು. ಸೋದರ, ಮಗ, ಗಂಡ ಎಲ್ಲದರಲ್ಲೂ ಇದೇ ಕ್ರಮ: ಪುಲ್ಲಿಂಗ ಮೂಲ, ಸ್ತ್ರೀಲಿಂಗ ಅದರಿಂದ ಸಾಧಿತ. ‘ಗೆ’ ಎಂಬ ಪೂರ್ವಪ್ರತ್ಯಯ ತಂದೆತಾಯಿಗಳಿಬ್ಬರನ್ನೂ ಒಟ್ಟಿಗೆ ಸೂಚಿಸುತ್ತದೆ, ಆದರೆ ಸಾಂಪ್ರದಾಯಿಕ ಬಳಕೆಯಲ್ಲಿ ಅದಕ್ಕೆ ಬಹುವಚನ ಮಾತ್ರ ಸಲ್ಲುತ್ತದೆ. ಇಬ್ಬರಲ್ಲಿ ಯಾರೋ ಒಬ್ಬರು ಎನ್ನಬೇಕಾದಾಗ ಸುತ್ತುಬಳಸಬೇಕು. ಸರ್ವನಾಮಗಳನ್ನಂತೂ ಐದನೆಯ ನಿಯಮವೇ ಎಣಿಸಿ ಕೊಟ್ಟುಬಿಟ್ಟಿದೆ: ಅವನಿಗೆ ‘ಲಿ’, ಅವಳಿಗೆ ‘ಶಿ’, ವಸ್ತು ಅಥವಾ ಪ್ರಾಣಿಗೆ ‘ಜಿ’. ಕನ್ನಡದಲ್ಲಾದರೆ ‘ಅವರು’ ಎಂದು ಒಬ್ಬ ವ್ಯಕ್ತಿಯ ಗಂಡುಹೆಣ್ಣಿನ ಗೊಡವೆಯಿಲ್ಲದೆ ಮರ್ಯಾದೆಯಿಂದ ದಾಟಿಹೋಗಬಹುದು. ಎಸ್ಪೆರಾಂಟೊದ ಪಟ್ಟಿಯಲ್ಲಿ ಆ ದಾರಿಯಿಲ್ಲದ್ದರಿಂದ ಇಂದು ಅನೇಕರು ‘ರಿ’ ಎಂಬ ಹೊಸ ಸರ್ವನಾಮವನ್ನು ಬಳಸುತ್ತಿದ್ದಾರೆ. ಅವರಿಗೆ ಸಿಗುವ ಉತ್ತರವೆಂದರೆ, ಇದು ಫಂಡಮೆಂಟೊದಲ್ಲಿಲ್ಲ.

ಹೊಸದನ್ನು ಪಕ್ಕದಲ್ಲಿಟ್ಟುಕೊಂಡರೆ ಸಾಕೆಂಬ ವಾದ ಆಸ್ಪತ್ರೆಯ ಪದಕ್ಕೆ ಹೊಂದುತ್ತದೆ, ಇಲ್ಲಿ ಹೊಂದುವುದಿಲ್ಲ. ‘ಪಾತ್ರೊ’ ಪದವನ್ನು ಒಬ್ಬರು ತಂದೆಯೆಂಬ ಅರ್ಥದಲ್ಲಿಯೂ ಮತ್ತೊಬ್ಬರು ತಂದೆ ಅಥವಾ ತಾಯಿ ಎಂಬ ಅರ್ಥದಲ್ಲಿಯೂ ಬಳಸತೊಡಗಿದರೆ ಎರಡೂ ಅಕ್ಕಪಕ್ಕದಲ್ಲಿ ಬಾಳಲಾರವು. ಅಂಥಲ್ಲಿ ಯಾರಾದರೂ ತೀರ್ಮಾನಿಸಲೇಬೇಕು. ಬುನಾದಿಯನ್ನು ಮುಟ್ಟದಿದ್ದರೆ ಜಗಳವೇ ಇರುವುದಿಲ್ಲವೆಂಬುದೂ ಸರಿಯಲ್ಲ: ‘ಆತಾ’ ಮತ್ತು ‘ಈತಾ’ ಕೃದಂತಗಳು ಕಾಲವನ್ನು ಸೂಚಿಸುತ್ತವೆಯೇ, ಕ್ರಿಯೆ ಪೂರ್ಣಗೊಂಡಿತೇ ಎಂಬುದನ್ನು ಸೂಚಿಸುತ್ತವೆಯೇ ಎಂಬ ವಿವಾದ ಬಹುಕಾಲ ಎಳೆದಾಡಿ, 1967ರಲ್ಲಿ ಎಸ್ಪೆರಾಂಟೊ ಅಕಾಡೆಮಿ ನಿರ್ಣಯ ಕೊಡಬೇಕಾಯಿತು. ನಿರ್ಣಯ ಹೊರಬಿದ್ದ ಮೇಲೂ ಭಾಷೆ ಒಡೆದುಹೋಗಲಿಲ್ಲ.

ಅದೇ ಅಕಾಡೆಮಿ 1909ರಿಂದ 2007ರ ಹೊತ್ತಿಗೆ ಒಂಬತ್ತು ಬಾರಿ ಹೊಸ ಪದಗಳನ್ನು ಅಧಿಕೃತ ಶಬ್ದಕೋಶಕ್ಕೆ ಸೇರಿಸಿದೆ. ಇಡೊದವರಂತೆ ಎಲ್ಲವನ್ನೂ ಕೆಡವಬೇಕೆಂದು ಇಲ್ಲಿ ಯಾರೂ ಕೇಳುತ್ತಿಲ್ಲ. ಸರ್ವನಾಮಗಳ ಪಟ್ಟಿಗೆ ಒಂದನ್ನು ಸೇರಿಸುವುದು, ‘ಗೆ’ ಪ್ರತ್ಯಯಕ್ಕೆ ಏಕವಚನವನ್ನು ಒಪ್ಪುವುದು, ಈ ಎರಡನ್ನು ಅದೇ ಸೇರ್ಪಡೆಯ ದಾರಿಯಲ್ಲಿ ಮಾಡಲು ಹದಿನಾರು ನಿಯಮಗಳಲ್ಲಿ ಒಂದನ್ನೂ ಅಳಿಸಬೇಕಾಗಿಲ್ಲ. ಐದನೆಯದು ಮುಗಿದ ಪಟ್ಟಿಯಲ್ಲ, ಬೆಳೆಯಬಲ್ಲ ಪಟ್ಟಿ ಎಂದು ಓದಿಕೊಂಡರೆ ಸಾಕು.